ಲಾಕ್ ಯಾರ ಕೈಲಿದೆ?

"ಸರ್ವರ್ ಡೌನ್ ಐತ್ರೀ, ಮಧ್ಯಾಹ್ನದ ಮ್ಯಾಲೆ ಬರ್ರಿ." ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕರಲ್ಲಿ ಯಾವ ಊರಿನ ಯಾವ ಕಿಟಕಿಯ ಮುಂದೆ ನಿಂತವರಿಗೂ ಈ ಮಾತು ಹೊಸದಲ್ಲ. ಬಹುಪಾಲು ಸಲ ಡೌನ್ ಆಗಿರುವುದು ಸರ್ವರ್ ಅಲ್ಲ, ನೆಟ್‌ವರ್ಕ್. ಕೆಲವು ಸಲ ಮಾತ್ರ ನಿಜವಾಗಿಯೂ ಎಲ್ಲೋ ದೂರದ ಯಂತ್ರವೊಂದು ಕೆಟ್ಟಿರುವುದಿಲ್ಲ, ಸತ್ತಿರುವುದಿಲ್ಲ, ಸುಮ್ಮನೆ ನಿಂತಿರುತ್ತದೆ. ವಿದ್ಯುತ್ ಇದೆ, ಫ್ಯಾನು ತಿರುಗುತ್ತಿದೆ, ಪಿಂಗ್ ಮಾಡಿದರೆ ಉತ್ತರವೂ ಬರುತ್ತದೆ. ಕೆಲಸ ಮಾತ್ರ ಸಾಗುವುದಿಲ್ಲ. ಆಗ ಎಲ್ಲರೂ ಮಾಡುವುದು ಒಂದೇ, ಆಫ್ ಮಾಡಿ ಆನ್ ಮಾಡುವುದು. ಯಂತ್ರ ಎದ್ದು ಕೂಡುತ್ತದೆ, ಕಾರಣ ಅಳಿಸಿಹೋಗುತ್ತದೆ, ಮುಂದಿನ ತಿಂಗಳು ಅದೇ ಹಾಡು.

ಹೀಗೆ ಯಂತ್ರ ನಿಲ್ಲುವುದರಲ್ಲಿ ಒಂದು ಬಗೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ಲಿನಲ್ಲಿ, ಅದರಲ್ಲೂ ಮೆಮೊರಿಯ ಲಾಕುಗಳ ಸುತ್ತ ಹುಟ್ಟುತ್ತದೆ. ಲಿನಕ್ಸ್ ಕರ್ನಲ್ಲಿನಲ್ಲಿ ಕಳೆದ 20 ವರ್ಷಗಳಲ್ಲಿ ಈ ಬಗೆಯ ಹ್ಯಾಂಗುಗಳು ಹೇಗೆ ಹುಟ್ಟಿದವು, ಹೇಗೆ ಸಿಕ್ಕಿಬಿದ್ದವು, ಹುಡುಕುವ ಸಾಧನಗಳು ಎಲ್ಲಿಂದ ಬಂದವು ಎಂಬುದರ ಸಮೀಕ್ಷೆ ಇದು. ಲಿನಕ್ಸೇ ಯಾಕೆಂದರೆ ಅದರ ಒಳಗು ಎಲ್ಲರಿಗೂ ತೆರೆದಿದೆ. ಎರಡನೆಯದಾಗಿ, ಆ ಸಾಧನಗಳಲ್ಲಿ ಕೆಲವು ತಯಾರಾದದ್ದು ನಮ್ಮ ಹುಡುಗರು ರಾತ್ರಿ ಬಸ್ಸು ಹತ್ತಿ ಹೋಗುವ ಬೆಂಗಳೂರಿನಲ್ಲಿ.

ಮೊದಲು ಒಂದು ಗೊಂದಲ ಬಿಡಿಸಬೇಕು. ಮೆಮೊರಿ ಲಾಕ್ ಎಂದಾಗ ಎರಡು ಬೇರೆ ಸಂಗತಿಗಳು ಒಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಒಂದು, ಎಂಲಾಕ್ ಎಂಬ ಸಿಸ್ಟಮ್ ಕಾಲ್. ನನ್ನ ಈ ಪೇಜುಗಳನ್ನು ರ‍್ಯಾಮಿನಿಂದ ಕದಲಿಸಬೇಡ, ಡಿಸ್ಕಿನ ಸ್ವಾಪಿಗೆ ಎತ್ತಿಹಾಕಬೇಡ ಎಂದು ಪ್ರೋಗ್ರಾಮು ಕರ್ನಲ್ಲಿಗೆ ಮಾಡುವ ತಾಕೀತು ಅದು. ಗುಟ್ಟಿನ ಕೀಲಿಗಳು ಡಿಸ್ಕಿಗೆ ಸೋರಬಾರದೆಂದು ಜಿಎನ್‌ಯುಪಿಜಿಯಂಥ ಪ್ರೋಗ್ರಾಮು ಇದನ್ನು ಬಳಸುತ್ತದೆ. ಹುಡುಕಾಟ ನಿಧಾನವಾಗಬಾರದೆಂದು ಎಲಾಸ್ಟಿಕ್‌ಸರ್ಚ್ ಬಳಸಬಲ್ಲದು. ಗಡುವು ಮೀರಬಾರದ ರಿಯಲ್‌ಟೈಮ್ ಪ್ರೋಗ್ರಾಮುಗಳಂತೂ ಶುರುವಿಗೇ ಎಂಲಾಕ್‌ಆಲ್ ಕರೆದು ತಮ್ಮ ಇಡೀ ಮೆಮೊರಿಯನ್ನು ಭದ್ರ ಮಾಡಿಕೊಳ್ಳುತ್ತವೆ. ಸಾಮಾನ್ಯ ಬಳಕೆದಾರನಿಗೆ ಇದರ ಮಿತಿ ಬಹುಕಾಲ 64 ಕಿಲೋಬೈಟ್ ಇತ್ತು, 5.16ನೇ ಆವೃತ್ತಿಯಲ್ಲಿ 8 ಮೆಗಾಬೈಟಿಗೆ ಏರಿತು. ಇನ್ನೊಂದು, ಎಂಮ್ಯಾಪ್ ಲಾಕ್. ಒಂದು ಪ್ರೊಸೆಸ್ಸಿನ ವಿಳಾಸಗಳ ನಕಾಶೆಯನ್ನು ಇಬ್ಬರು ಏಕಕಾಲಕ್ಕೆ ತಿದ್ದದಂತೆ ಕರ್ನಲ್ ತನಗಾಗಿ ಇಟ್ಟುಕೊಂಡ ಲಾಕ್ ಅದು. ಮೊದಲು ಇದರ ಹೆಸರು ಎಂಮ್ಯಾಪ್ ಸೆಮ್, 2020ರಲ್ಲಿ 5.8ನೇ ಆವೃತ್ತಿಯ ಹೊತ್ತಿಗೆ ಮಿಶೆಲ್ ಲೆಸ್ಪಿನಾಸ್ ಅದಕ್ಕೆ ಈಗಿನ ಹೆಸರಿಟ್ಟರು. ಮೊದಲನೆಯದನ್ನು ಮಾಡಬೇಕಾದರೆ ಎರಡನೆಯದನ್ನು ಹಿಡಿಯಲೇಬೇಕು. ತಂಟೆ ಶುರುವಾಗುವುದು ಅಲ್ಲಿ.

ಎಂಮ್ಯಾಪ್ ಲಾಕಿಗೆ ಎರಡು ಹಿಡಿತಗಳಿವೆ. ನಕಾಶೆಯನ್ನು ನೋಡಿ ಹೋಗುವವರು ಎಷ್ಟು ಜನ ಬೇಕಾದರೂ ಒಟ್ಟಿಗೆ ಓದುಗರಾಗಿ ಒಳಗಿರಬಹುದು. ತಿದ್ದುವವನು ಬಂದರೆ ಅವನೊಬ್ಬನೇ ಇರಬೇಕು. ತಿದ್ದುವವನು ಸಾಲಿನಲ್ಲಿ ನಿಂತ ಮೇಲೆ ಹೊಸ ಓದುಗರನ್ನು ಒಳಗೆ ಬಿಡುವಂತಿಲ್ಲ. ಬಿಟ್ಟರೆ ಅವನ ಸರದಿ ಎಂದೂ ಬಾರದು. ನ್ಯಾಯವಾದ ಏರ್ಪಾಡೇ. ಆದರೆ ಹುಣ್ಣಿಮೆಯ ದಿನ ಸವದತ್ತಿ ಎಲ್ಲಮ್ಮನ ಗುಡ್ಡದ ಪಾಳಿಯನ್ನು ನೆನೆಸಿಕೊಳ್ಳಿ. ಒಳಗೆ ಜನ ದರ್ಶನ ಮಾಡುತ್ತಿದ್ದಾರೆ. ಅಲಂಕಾರಕ್ಕೆ ಹೊತ್ತಾಯಿತು, ಒಳಗಿದ್ದವರೆಲ್ಲ ಹೊರಗೆ ಹೋಗಲಿ ಎಂದು ಪೂಜಾರಿ ಬಾಗಿಲಲ್ಲಿ ಕಾಯುತ್ತಾನೆ, ಪಾಳಿಯನ್ನು ಅಲ್ಲಿಗೇ ನಿಲ್ಲಿಸಲಾಗಿದೆ. ಒಳಗಿರುವ ಒಬ್ಬ ಮಾತ್ರ, ಹೆಂಡತಿ ಬಂದು ದರ್ಶನ ಮಾಡುವವರೆಗೆ ನಾನು ಕದಲುವುದಿಲ್ಲ ಎಂದು ನಿಂತಿದ್ದಾನೆ. ಹೆಂಡತಿ ನಿಂತ ಪಾಳಿಯಲ್ಲಿದ್ದಾಳೆ. ಮೂವರೂ ಕಾಯುತ್ತಾರೆ, ಮೂವರದೂ ತಪ್ಪಲ್ಲ, ಬೆಳಗಾದರೂ ಬಾಗಿಲು ಹಾಕುವುದಿಲ್ಲ. ಒಂದೇ ಥ್ರೆಡ್ ಓದುವ ಹಿಡಿತದಲ್ಲಿದ್ದುಕೊಂಡೇ ಅದೇ ಲಾಕನ್ನು ಇನ್ನೊಮ್ಮೆ ಓದಲು ಕೇಳಿದರೆ ಆಗುವುದು ಇದೇ. ನಡುವೆ ತಿದ್ದುವವನು ಬಾರದಿದ್ದರೆ ಏನೂ ಆಗುವುದಿಲ್ಲ. ಅದಕ್ಕೇ ಈ ದೋಷ ಪರೀಕ್ಷೆಯಲ್ಲಿ ಬಚಾವಾಗಿ, ಗಿರಾಕಿ ಹೆಚ್ಚಿದ ದಿನ ಕಾಣಿಸಿಕೊಳ್ಳುತ್ತದೆ.

ಈ ಹ್ಯಾಂಗಿನ ಮೊದಲ ಲಕ್ಷಣವೇ ಹುಡುಕುವವನನ್ನೂ ಸಿಕ್ಕಿಸುವಂಥದ್ದು. ಯಾವ ಪ್ರೊಸೆಸ್ ನಿಂತಿದೆ ಎಂದು ತಿಳಿಯಲು ಯಾರಾದರೂ ಮೊದಲು ಹೊಡೆಯುವ ಕಮಾಂಡ್ ಪಿಎಸ್. ಎಲ್ಲ ಪ್ರೊಸೆಸ್ಸುಗಳ ಪೂರ್ತಿ ಕಮಾಂಡ್ ಸಾಲನ್ನು ತೋರಿಸು ಎಂದರೆ ಅದು ಪ್ರತಿಯೊಂದರ ಮೆಮೊರಿಯೊಳಗೆ ಇಣುಕಬೇಕು. ಇಣುಕಲು ಆ ಪ್ರೊಸೆಸ್ಸಿನ ಎಂಮ್ಯಾಪ್ ಲಾಕನ್ನು ಓದುಗನಾಗಿ ಹಿಡಿಯಬೇಕು. ಹಾಗಾಗಿ ಸಿಕ್ಕಿಬಿದ್ದ ಪ್ರೊಸೆಸ್ಸಿನವರೆಗೆ ಪಟ್ಟಿ ಸರಸರ ಬಂದು, ಅಲ್ಲಿಗೆ ಪಿಎಸ್ ತಾನೂ ನಿಂತುಬಿಡುತ್ತದೆ. ಇನ್ನೊಂದು ಕಿಟಕಿ ತೆರೆದು ಮತ್ತೆ ಹೊಡೆದರೆ ಅದೂ ನಿಲ್ಲುತ್ತದೆ. ನಿಗಾ ಇಡುವ ಸಾಫ್ಟ್‌ವೇರ್ ನಿಮಿಷಕ್ಕೊಮ್ಮೆ ಪಿಎಸ್ ಓಡಿಸುವಂಥದ್ದಾದರೆ ಗಂಟೆಯೊಳಗೆ ಸಾಲುಗಟ್ಟಿ ನಿಂತ ಪಿಎಸ್‌ಗಳೇ ದೊಡ್ಡ ಸುದ್ದಿಯಾಗುತ್ತವೆ. ಲೋಡ್ ಆವರೇಜ್ ಏರುತ್ತಲೇ ಹೋಗುತ್ತದೆ, ಸಿಪಿಯು ಮಾತ್ರ ಖಾಲಿ ಕೂತಿರುತ್ತದೆ. ಲಿನಕ್ಸ್‌ನ ಲೋಡ್ ಲೆಕ್ಕದಲ್ಲಿ ಓಡುವವರಷ್ಟೇ ಅಲ್ಲ, 'ಡಿ' ಸ್ಥಿತಿಯಲ್ಲಿ ಕಾಯುತ್ತ ನಿದ್ದೆಹೋದವರೂ ಸೇರುತ್ತಾರೆ. ಲೋಡ್ ನೂರಾರು, ಸಿಪಿಯು ಸೊನ್ನೆ: ಈ ಜೋಡಿ ಕಂಡರೆ ಅನುಭವಿಗಳು ಯಂತ್ರವನ್ನು ಬೈಯುವುದು ಬಿಟ್ಟು ಲಾಕ್ ಹುಡುಕಲು ಕೂಡುತ್ತಾರೆ. ಪಿಎಸ್‌ಗೆ ಪೂರ್ತಿ ಸಾಲು ಬೇಡ, ಬರಿ ಹೆಸರು, ಸ್ಥಿತಿ ಮತ್ತು ಕಾಯುತ್ತಿರುವ ಜಾಗ ಸಾಕು ಎಂದು ಕೇಳಿದರೆ ಅದು ಸಿಕ್ಕಿಕೊಳ್ಳದೆ ಪಟ್ಟಿ ಕೊಡುತ್ತದೆ. ಪ್ರೊಕ್ ಕಡತವ್ಯವಸ್ಥೆಯಲ್ಲಿ ಆಯಾ ಪ್ರೊಸೆಸ್ಸಿನ 'ಸ್ಟ್ಯಾಕ್' ಕಡತವನ್ನು ರೂಟ್ ಬಳಕೆದಾರ ಓದಿದರೆ ಅದು ಕರ್ನಲ್ಲಿನ ಯಾವ ಫಂಕ್ಷನ್ನಿನಲ್ಲಿ ನಿಂತಿದೆ ಎಂಬುದೂ ಗೊತ್ತಾಗುತ್ತದೆ.

ಆದರೆ ನಿಂತವನ ಸ್ಟ್ಯಾಕ್ ಹೇಳುವುದು ನಿಂತವನ ಗೋಳನ್ನು. ಲಾಕ್ ಹಿಡಿದವನು ಯಾರು ಎಂದು ಅದು ಹೇಳುವುದಿಲ್ಲ. ಈ ವಿಷಯದ ಇಡೀ ಇತಿಹಾಸವನ್ನು ನಾನು ನೋಡುವುದು ಈ ಒಂದು ಕೊರತೆಯ ಕಡೆಯಿಂದ. ಕಾಯುವವರನ್ನು ತೋರಿಸುವ ಸಾಧನಗಳು ಬೇಗ ಬಂದವು, ಕಾಯಿಸುವವನನ್ನು ತೋರಿಸುವವು ತೀರ ತಡವಾಗಿ ಬಂದವು.

ಎಂಲಾಕ್‌ನ ಕಥೆಗೆ ಬರೋಣ. 2011ಕ್ಕೆ ಮೊದಲು, ದೊಡ್ಡ ಮೆಮೊರಿಯನ್ನು ಲಾಕ್ ಮಾಡುವಾಗ ಕರ್ನಲ್ ಎಂಮ್ಯಾಪ್ ಲಾಕನ್ನು ತಿದ್ದುವವನ ಹಿಡಿತದಲ್ಲೇ ಇಟ್ಟುಕೊಂಡು ಒಂದೊಂದೇ ಪೇಜನ್ನು ಒಳಗೆ ತರುತ್ತಿತ್ತು. ಹತ್ತಾರು ಗಿಗಾಬೈಟ್ ಇದ್ದರೆ, ಅದೂ ಡಿಸ್ಕಿನಿಂದ ಓದಬೇಕಾದರೆ, ಅಷ್ಟು ಹೊತ್ತು ಆ ಪ್ರೊಸೆಸ್ಸಿನ ಬೇರೆ ಥ್ರೆಡ್ಡುಗಳು ಒಂದು ಪೇಜ್ ಫಾಲ್ಟನ್ನೂ (ಇನ್ನೂ ಮೆಮೊರಿಗೆ ಬಾರದ ಪೇಜನ್ನು ಮುಟ್ಟಿದಾಗಿನ ತಡೆ) ದಾಟಲಾರವು. ಇದು ಒಬ್ಬರಿಗೊಬ್ಬರು ಕಾದು ಬಿಡಿಸಲಾಗದ ಡೆಡ್‌ಲಾಕ್ ಅಲ್ಲ, ತಡ ಮಾತ್ರ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ. 2.6.38ನೇ ಆವೃತ್ತಿಯಲ್ಲಿ ಲೆಸ್ಪಿನಾಸ್ ಇದನ್ನು ಎರಡು ಹಂತ ಮಾಡಿದರು: ಈ ಜಾಗ ಲಾಕ್ ಆಗಿದೆ ಎಂದು ಗುರುತು ಹಾಕುವಷ್ಟು ಹೊತ್ತು ತಿದ್ದುವ ಹಿಡಿತ, ಪೇಜುಗಳನ್ನು ತರುವಾಗ ಓದುವ ಹಿಡಿತ.

ಇದಕ್ಕಿಂತ ಸ್ವಾರಸ್ಯದ್ದು 2008ರ ಪ್ರಸಂಗ. ಆ ವರ್ಷದ ಕೊನೆಗೆ ಬಂದ 2.6.28ರಲ್ಲಿ ರಿಕ್ ವಾನ್ ರೀಲ್ ಮತ್ತು ಲೀ ಶೆರ್ಮರ್‌ಹಾರ್ನ್ ಅವರ ಕೆಲಸದಿಂದ, ಲಾಕ್ ಆದ ಪೇಜುಗಳಿಗೆ ಬೇರೆಯದೇ ಪಟ್ಟಿ ಸಿಕ್ಕಿತು. ಮೆಮೊರಿ ಸಾಲದಾದಾಗ ಯಾವ ಪೇಜನ್ನು ಹೊರಗೆ ಹಾಕೋಣ ಎಂದು ಹುಡುಕುವ ಕೆಲಸ, ಎಂದಿಗೂ ಹಾಕಲಾಗದ ಪೇಜುಗಳನ್ನು ಮತ್ತೆ ಮತ್ತೆ ಎತ್ತಿ ನೋಡಿ ಹೊತ್ತು ಕಳೆಯಬಾರದಲ್ಲ. ಆದರೆ ಪ್ರತಿ ಸಿಪಿಯು ಹೊಸ ಪೇಜುಗಳನ್ನು ತಕ್ಷಣ ಪಟ್ಟಿಗೆ ಸೇರಿಸುವುದಿಲ್ಲ. ಒಂದಷ್ಟು ಆಗುವವರೆಗೆ ತನ್ನ ಬಳಿಯ ಪುಟ್ಟ ಕಟ್ಟಿನಲ್ಲಿ ಇಟ್ಟುಕೊಂಡು ಒಟ್ಟಿಗೆ ಸೇರಿಸುತ್ತದೆ. ಕಟ್ಟಿನಲ್ಲಿ ಉಳಿದ ಪೇಜು ಸರಿಯಾದ ಪಟ್ಟಿಗೆ ಹೋಗಲಿಕ್ಕಿಲ್ಲ. ಅದಕ್ಕೆ, ಎಲ್ಲ ಸಿಪಿಯುಗಳೂ ನಿಮ್ಮ ನಿಮ್ಮ ಕಟ್ಟು ಖಾಲಿ ಮಾಡಿ ಎಂದು ಹೇಳುವ ಫಂಕ್ಷನ್ ಒಂದನ್ನು ಮೆಮೊರಿ ಲಾಕಿನ ದಾರಿಯಲ್ಲಿ ಕರೆಯಲಾಯಿತು. ಅದರ ಹೆಸರು ಎಲ್‌ಆರ್‌ಯು ಆ್ಯಡ್ ಡ್ರೇನ್ ಆಲ್.

ಈ ಫಂಕ್ಷನ್ ಮಾಡುವುದೇನು? ಪ್ರತಿ ಸಿಪಿಯುವಿನ ಮೇಲೆ ಒಂದು ಪುಟ್ಟ ಕೆಲಸವನ್ನು ಸರದಿಗೆ ಹಾಕಿ, ಎಲ್ಲ ಕಡೆ ಮುಗಿಯುವವರೆಗೆ ಕಾಯುತ್ತದೆ. ಇಲ್ಲಿ ಯಾವ ಲಾಕೂ ಕಾಣುವುದಿಲ್ಲ, ಆದರೆ ಕಾಯುವಿಕೆ ಇದೆ. ಕರೆದವನ ಕೈಲಿ ಆಗಲೇ ಎಂಮ್ಯಾಪ್ ಲಾಕ್ ಇದ್ದು, ಅದೇ ಕೆಲಸದ ಸರದಿಯಲ್ಲಿ ಮುಂದೆ ನಿಂತ ಬೇರೊಂದು ಕೆಲಸಕ್ಕೆ, ನೆಟ್‌ವರ್ಕಿನದು ಎನ್ನೋಣ, ಇನ್ನೊಂದು ಲಾಕ್ ಬೇಕಾಗಿ, ಆ ಲಾಕ್ ಹಿಡಿದವನು ಬಳಕೆದಾರನ ಮೆಮೊರಿಯಿಂದ ಏನನ್ನೋ ನಕಲು ಮಾಡಿಕೊಳ್ಳಲು ಹೋಗಿ ಪೇಜ್ ಫಾಲ್ಟಿಗೆ ಸಿಕ್ಕಿ ಅದೇ ಎಂಮ್ಯಾಪ್ ಲಾಕಿಗೆ ಕೈ ಚಾಚಿದರೆ, ಸುತ್ತು ಪೂರ್ತಿಯಾಯಿತು. ಮೆಮೊರಿಯವರಿಗೆ ನೆಟ್‌ವರ್ಕಿನವರ ಲಾಕಿನ ಸುದ್ದಿ ಗೊತ್ತಿಲ್ಲ, ನೆಟ್‌ವರ್ಕಿನವರಿಗೆ ಇವರದು ಗೊತ್ತಿಲ್ಲ. ಇಂಥದೊಂದು ಸುತ್ತಿನ ಬಗ್ಗೆ ಮೊತೊಹಿರೊ ಕೊಸಾಕಿ ಅವರ ಪರೀಕ್ಷಾ ಯಂತ್ರದಲ್ಲಿ, ಹ್ಯಾಂಗ್ ಆಗುವ ಮೊದಲೇ, ಬೂಟ್ ಆಗುವಾಗಲೇ ಎಚ್ಚರಿಸಿದ್ದು ಲಾಕ್‌ಡೆಪ್ ಎಂಬ ಕಾವಲುಗಾರ. ಲಾಕ್ ಬಿಡುವ ದಾರಿಯಿಂದ ಅವರು ಆ ಕರೆಯನ್ನು ಕಿತ್ತುಹಾಕಿದರು. ಲಾಕ್ ಹಾಕುವ ದಾರಿಯಲ್ಲಿ, ಎಂಮ್ಯಾಪ್ ಲಾಕ್ ಹಿಡಿಯುವುದಕ್ಕೆ ಮೊದಲೇ ಕರೆಯುವಂತೆ ಇಟ್ಟರು. ಸುತ್ತು ಕಡಿಯಿತು.

ಆದರೆ ಕಾಯುವಿಕೆ ಉಳಿಯಿತು. ರಿಯಲ್‌ಟೈಮ್ ಕೆಲಸದವರು ಒಂದು ಸಿಪಿಯುವನ್ನು ಪೂರ್ತಿ ಒಂದು ಥ್ರೆಡ್ಡಿಗೆ ಬಿಟ್ಟುಕೊಟ್ಟು, ಅದಕ್ಕೆ ಎಲ್ಲರಿಗಿಂತ ಮೇಲಿನ ಆದ್ಯತೆ ಕೊಟ್ಟು, ಅದು ಬಿಡುವಿಲ್ಲದೆ ಸುತ್ತುತ್ತಿರುವಂತೆ ಮಾಡುತ್ತಾರೆ. ಕರ್ನಲ್ ತಾನಾಗಿ ಪ್ರತಿ ಸೆಕೆಂಡಿನಲ್ಲಿ ಶೇ. 5ರಷ್ಟು ಹೊತ್ತನ್ನು ಸಾಮಾನ್ಯರಿಗೆ ಕಾದಿಡುತ್ತದೆ, ಈ ಜನ ಅದನ್ನೂ ಬಂದ್ ಮಾಡಿರುತ್ತಾರೆ. ಈಗ ಬೇರೆ ಸಿಪಿಯುವಿನಲ್ಲಿ ಇನ್ಯಾವುದೋ ಪ್ರೋಗ್ರಾಮು ಎಂಲಾಕ್ ಕರೆದರೆ, ಕಟ್ಟು ಖಾಲಿ ಮಾಡುವ ಕೆಲಸ ಆ ಬಿಡುವಿಲ್ಲದ ಸಿಪಿಯುವಿನ ಸರದಿಯಲ್ಲಿ ಕೂಡುತ್ತದೆ, ಕೂತೇ ಇರುತ್ತದೆ. ಕಾಯುವವನು ಡಿ ಸ್ಥಿತಿಯಲ್ಲಿ. ಯಾರ ಕೈಲೂ ಲಾಕಿಲ್ಲ, ಸುತ್ತೂ ಇಲ್ಲ. ಲಾಕ್‌ಡೆಪ್ ಬಾಯಿ ಬಿಡುವುದಿಲ್ಲ, ಯಾಕೆಂದರೆ ಅದರ ಲೆಕ್ಕದಲ್ಲಿ ತಪ್ಪೇ ಆಗಿಲ್ಲ. ಮೆಮೊರಿಯನ್ನು ಲಾಕ್ ಮಾಡಿಕೊಳ್ಳುವ ಅಗತ್ಯ ಹೆಚ್ಚಾಗಿ ಇರುವುದು ರಿಯಲ್‌ಟೈಮ್ ಜನರಿಗೇ, ಸಿಕ್ಕಿಬಿದ್ದವರೂ ಅವರೇ. 2017ರಲ್ಲಿ ಶಕೀಲ್ ಬಟ್ ಆ ಕರೆಯನ್ನು ಎಂಲಾಕ್‌ನಿಂದ ಪೂರ್ತಿಯಾಗಿ ತೆಗೆದರು. ಅವರ ವಾದ ಸರಳ: ಕರೆದ ಕ್ಷಣದಲ್ಲಿ ಕಟ್ಟುಗಳಲ್ಲಿರುವ ಪೇಜುಗಳಿಗೂ ಇನ್ನು ಮುಂದೆ ಲಾಕ್ ಆಗಲಿರುವ ಪೇಜುಗಳಿಗೂ ಸಂಬಂಧವಿಲ್ಲ, ಅದು ಬೇಕಾಗಿಯೇ ಇರಲಿಲ್ಲ. ಬೇಕಿಲ್ಲದ ಒಂದು ಸಾಲು ಒಂಬತ್ತು ವರ್ಷ ಅಲ್ಲಿತ್ತು. ಕರ್ನಲ್ ದೋಷಗಳ ಬಗ್ಗೆ ಬರೆಯುವವರು ಗಹನವಾದ ಕಾರಣ ಹುಡುಕುವ ಆಸೆಗೆ ಬೀಳುತ್ತಾರೆ. ಎಷ್ಟೋ ದುರಸ್ತಿಗಳು ಹೀಗೆ ಅಳಿಸುವ ದುರಸ್ತಿಗಳು.

ಹ್ಯಾಂಗ್ ಆದ ಮೇಲೆ ಕರ್ನಲ್ ತಾನಾಗಿ ಏನು ಹೇಳುತ್ತದೆ? ಯಾವುದೇ ಟಾಸ್ಕ್ 120 ಸೆಕೆಂಡಿಗಿಂತ ಹೆಚ್ಚು ಹೊತ್ತು ಡಿ ಸ್ಥಿತಿಯಲ್ಲಿ ಕದಲದೆ ಇದ್ದರೆ ಕೆಹಂಗ್‌ಟಾಸ್ಕ್‌ಡಿ ಎಂಬ ಕಾವಲು ಥ್ರೆಡ್ ಅದರ ಹೆಸರು, ಸಂಖ್ಯೆ, ಸ್ಟ್ಯಾಕನ್ನು ಲಾಗಿನಲ್ಲಿ ಬರೆಯುತ್ತದೆ. ಹೀಗೆ ಹತ್ತು ಸಲ ಬರೆದು ಸುಮ್ಮನಾಗುತ್ತದೆ. ತಾನಾಗಿ ಇರುವ ಮಿತಿ ಅದು. ಆದ್ದರಿಂದ ಮೊದಲ ಒಂದೆರಡು ವರದಿಗಳೇ ಚಿನ್ನ. ಆಮೇಲಿನವು ಹೆಚ್ಚಾಗಿ ಹಿಂದೆ ನಿಂತು ಸಿಕ್ಕಿಬಿದ್ದವರವು, ಅಂದರೆ ಆ ಬಡಪಾಯಿ ಪಿಎಸ್‌ಗಳು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಡಿ ಸ್ಥಿತಿಯಲ್ಲಿದ್ದವನನ್ನು ಕಿಲ್ 9ರಿಂದಲೂ ಕೊಲ್ಲಲಾಗದು ಎಂಬ ದೂರು ಹಳೆಯದು. ಅದಕ್ಕೆ 2008ರಲ್ಲಿ ಮ್ಯಾಥ್ಯೂ ವಿಲ್ಕಾಕ್ಸ್ 'ಕೊಲ್ಲಬಹುದಾದ ಕಾಯುವಿಕೆ' ತಂದರು, 2016ರಲ್ಲಿ ಮಿಖಾಲ್ ಹೊಕೊ ಎಂಮ್ಯಾಪ್ ಲಾಕಿನ ಹಲವು ಕಾಯುವಿಕೆಗಳನ್ನು ಹಾಗೆ ಮಾಡಿದರು. ಒಳ್ಳೆಯ ಕೆಲಸವೇ. ಆದರೆ ಕಾವಲು ಥ್ರೆಡ್ ಕೊಲ್ಲಬಹುದಾದವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ! ಹೀಗಾಗಿ ಹೊಸ ಕರ್ನಲ್ಲಿನಲ್ಲಿ ಎಂಮ್ಯಾಪ್ ಲಾಕಿಗೆ ಕಾದು ನಿಂತ ಎಷ್ಟೋ ಥ್ರೆಡ್ಡುಗಳ ಬಗ್ಗೆ ಲಾಗಿನಲ್ಲಿ ಒಂದಕ್ಷರವೂ ಇರುವುದಿಲ್ಲ. ಲಾಗ್ ಸ್ವಚ್ಛವಾಗಿದೆ, ಆದ್ದರಿಂದ ಕರ್ನಲ್ ಸರಿಯಾಗಿದೆ ಎನ್ನುವ ತೀರ್ಮಾನ ಈಗ ಮೊದಲಿಗಿಂತ ಅಪಾಯದ್ದು. ಸಿಸ್‌ರಿಕ್ಯೂ ಕೀಲಿಯ ಜೊತೆ ಡಬ್ಲ್ಯೂ ಒತ್ತಿದರೆ ಮಾತ್ರ ಇವರೂ ಪಟ್ಟಿಯಲ್ಲಿ ಬರುತ್ತಾರೆ. ಹ್ಯಾಂಗ್ ಕಂಡಾಗ ಪವರ್ ಗುಂಡಿಗೆ ಕೈ ಹೋಗುವ ಮೊದಲು ಮಾಡಬೇಕಾದ ಕೆಲಸ ಅದು.

ಈಗ ಬೆಂಗಳೂರಿನ ಪಾಲು. 2000ದ ದಶಕದ ಮೊದಲ ವರ್ಷಗಳಲ್ಲಿ ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರಿನ ಬೆಂಗಳೂರು ಗುಂಪು ಮಾಡಿದ ಕೆಲಸವನ್ನು ಕನ್ನಡದಲ್ಲಿ ಯಾರೂ ಹೆಚ್ಚು ಬರೆದಿಲ್ಲ. ಐಟಿ ಎಂದರೆ ನಮ್ಮ ಪತ್ರಿಕೆಗಳಿಗೆ ಕಂಪನಿಯ ಲಾಭ, ಸಂಬಳ, ಟ್ರಾಫಿಕ್ಕು. ಆದರೆ ಜಗತ್ತಿನ ಲಿನಕ್ಸ್ ಯಂತ್ರಗಳು ಹೊತ್ತು ತಿರುಗುವ ಕರ್ನಲ್ ಕಡತಗಳ ನೆತ್ತಿಯ ಮೇಲೇ ಆ ಗುಂಪಿನವರ ಹೆಸರುಗಳಿವೆ. ಕೆಪ್ರೋಬ್ಸ್ ಕಡತ ತೆರೆದರೆ ಮೊದಲಿಗೆ ಸಿಗುವುದು 2002ರ ಅಕ್ಟೋಬರಿನಲ್ಲಿ ವಂಶಿ ಕೃಷ್ಣ ಬರೆದ ಮೊದಲ ರೂಪದ ದಾಖಲೆ, ಅದರ ಕೆಳಗೆ 2004ರಲ್ಲಿ ಪ್ರಸನ್ನ ಪಂಚಮುಖಿ ಮತ್ತು ಸುಪರ್ಣಾ ಭಟ್ಟಾಚಾರ್ಯ ಮಾಡಿದ ಸೇರ್ಪಡೆಗಳು. ಮುಂದೆ ಅದರ ನಿರ್ವಾಹಕರ ಪಟ್ಟಿಯಲ್ಲಿ ಅನಂತ್ ಮಾವಿನಕಾಯನಹಳ್ಳಿ ಎಂಬ ಹೆಸರು ಸೇರಿತು. ಓಡುತ್ತಿರುವ ಕರ್ನಲ್ಲನ್ನು ನಿಲ್ಲಿಸದೆ, ಮತ್ತೆ ಕಂಪೈಲ್ ಮಾಡದೆ, ಯಾವುದೇ ಫಂಕ್ಷನ್ನಿನ ಬಾಯಲ್ಲಿ ಒಂದು ತನಿಖಾ ಠಾಣೆ ಹಾಕುವುದು ಕೆಪ್ರೋಬ್ಸ್‌ನ ಕೆಲಸ. ಆ ಜಾಗದ ಸೂಚನೆಯನ್ನು ತೆಗೆದಿಟ್ಟು ಅಲ್ಲಿ ಬ್ರೇಕ್‌ಪಾಯಿಂಟ್ ಹಾಕುತ್ತದೆ, ಅಲ್ಲಿಗೆ ಬಂದವನ ವಿವರ ಬರೆದುಕೊಂಡು, ತೆಗೆದಿಟ್ಟ ಸೂಚನೆಯನ್ನು ನಡೆಸಿ ಮುಂದೆ ಕಳಿಸುತ್ತದೆ. 2004ರ 2.6.9ನೇ ಆವೃತ್ತಿಯಲ್ಲಿ ಇದು ಮುಖ್ಯ ಕರ್ನಲ್ಲಿಗೆ ಸೇರಿತು. ಇವತ್ತು ಬಿಪಿಎಫ್ (ಕರ್ನಲ್ಲಿನೊಳಗೆ ಪುಟ್ಟ ಪ್ರೋಗ್ರಾಮು ಓಡಿಸುವ ತಂತ್ರ) ಎಂದು ಕುಣಿದಾಡುವ ಸಾಧನಗಳಲ್ಲಿ ಎಷ್ಟೋ ಇದೇ ಠಾಣೆಗಳ ಮೇಲೆ ನಿಂತಿವೆ. ಎಂಮ್ಯಾಪ್ ಲಾಕನ್ನು ಯಾರು ಯಾವಾಗ ಹಿಡಿದರು, ಎಷ್ಟು ಹೊತ್ತಿಗೆ ಬಿಟ್ಟರು ಎಂದು ಅಳೆಯಲು, ಅಂದರೆ ಹ್ಯಾಂಗ್ ಮರುಕಳಿಸುವಾಗ ಹೊಂಚು ಹಾಕಿ ಹಿಡಿಯಲು, ಇದು ಸುಲಭದ ದಾರಿ.

ಮರುಕಳಿಸದ ಹ್ಯಾಂಗಿಗೆ ಬೇಕಾದದ್ದು ಕೆಡಂಪ್. ಯಂತ್ರ ನಿಂತಾಗ ಅದರ ರ‍್ಯಾಮನ್ನು ಹಾಗೆಯೇ ಕಡತವಾಗಿ ಉಳಿಸಿಕೊಳ್ಳಬೇಕು. ಆದರೆ ನಿಂತ ಕರ್ನಲ್ಲಿಗೇ ಆ ಕೆಲಸ ಒಪ್ಪಿಸುವುದು ಹೇಗೆ? ಬೂಟ್ ಆಗುವಾಗಲೇ ರ‍್ಯಾಮಿನ ಒಂದು ಮೂಲೆಯನ್ನು ಕಾದಿರಿಸಿ, ಅಲ್ಲಿ ಇನ್ನೊಂದು ಪುಟ್ಟ ಕರ್ನಲ್ಲನ್ನು ಮಲಗಿಸಿಟ್ಟಿರುತ್ತಾರೆ. ದೊಡ್ಡದು ಬಿದ್ದ ಕೂಡಲೇ ಚಿಕ್ಕದು ಎದ್ದು, ಬಿದ್ದವನ ಮೆಮೊರಿಯನ್ನು ಡಿಸ್ಕಿಗೆ ಬರೆಯುತ್ತದೆ. 2005ರ 2.6.13ರಲ್ಲಿ ಬಂದ ಈ ಏರ್ಪಾಡನ್ನು ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥ ಮತ್ತು ಎರಿಕ್ ಬೀಡರ್‌ಮನ್ ಕಟ್ಟಿದರು. ಹಳೆಯ ಮೆಮೊರಿಯನ್ನು ಕಡತದ ರೂಪದಲ್ಲಿ ತೋರಿಸುವ ಭಾಗವನ್ನು ಬರೆದವರು ನೆಲ್ಲಿತೀರ್ಥ. ವ್ಯವಸ್ಥೆಯ 'ಹಿಂದಿನ ಜನ್ಮ'ದ ಡಂಪ್ ನೋಡುವ ದಾರಿ ಇದು ಎಂಬ ಅರ್ಥದ ಟಿಪ್ಪಣಿ ಆ ಕಡತದ ಮೊದಲಲ್ಲೇ ಇದೆ. ಹ್ಯಾಂಗ್ ಕಂಡ ಕೂಡಲೇ ಪ್ಯಾನಿಕ್ ಆಗು ಎಂದು ಒಂದು ಸೆಟ್ಟಿಂಗ್ ಬದಲಿಸಿದರೆ, 'ಆಫ್ ಮಾಡಿ ಆನ್ ಮಾಡು' ಎಂಬ ನಮ್ಮ ಮದ್ದೇ ಸಾಕ್ಷ್ಯ ಉಳಿಸುವ ಮದ್ದೂ ಆಗುತ್ತದೆ. ಅಷ್ಟು ಮೆಮೊರಿ ದಂಡ ಎಂದು ಸಣ್ಣ ಯಂತ್ರದವರು ಇದನ್ನು ಬಂದ್ ಮಾಡಿಟ್ಟಿರುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಊರಿಗೊಂದೇ ಸರ್ವರ್ ಇರುವ ಕಡೆಯಲ್ಲೇ ಅದು ಹೆಚ್ಚು ಬೇಕು. ದೊಡ್ಡ ಕಂಪನಿಗೆ ಒಂದು ಯಂತ್ರ ನಿಂತರೆ ಇನ್ನೊಂದಿದೆ.

ಡಂಪ್ ಕೈಗೆ ಬಂದ ಮೇಲೆ ಕ್ರ್ಯಾಶ್ ಎಂಬ ಸಾಧನದಲ್ಲಿ ಅದನ್ನು ತೆರೆಯುತ್ತಾರೆ. ಡಿ ಸ್ಥಿತಿಯಲ್ಲಿರುವ ಎಲ್ಲರ ಸ್ಟ್ಯಾಕನ್ನು ಒಟ್ಟಿಗೆ ಹೊರಡಿಸಿ, ಯಾರು ಎಷ್ಟು ಹೊತ್ತಿನಿಂದ ನಿಂತಿದ್ದಾರೆಂದು ಜೋಡಿಸಿ, ಎಲ್ಲರಿಗಿಂತ ಹಳಬನನ್ನು ಹಿಡಿಯಬೇಕು. ಆಮೇಲೆ ಅವನು ಕಾಯುತ್ತಿರುವ ಲಾಕಿನ ವಿಳಾಸ ಹುಡುಕಿ ಅದರ ಒಳಗನ್ನು ಓದಬೇಕು. ಎಂಮ್ಯಾಪ್ ಲಾಕಿನೊಳಗೆ ಒಂದು ಎಣಿಕೆ ಇರುತ್ತದೆ. ಈಚಿನ ಕರ್ನಲ್ಲುಗಳಲ್ಲಿ 1 ಎಂದರೆ ತಿದ್ದುವವನು ಹಿಡಿದಿದ್ದಾನೆ, 2 ಎಂದರೆ ಸಾಲಿದೆ, 4 ಎಂದರೆ ಮುಂದಿನವನಿಗೇ ಬಿಟ್ಟುಕೊಡಬೇಕೆಂಬ ಗುರುತು, ಒಬ್ಬೊಬ್ಬ ಓದುಗನಿಗೂ 256. ಎಣಿಕೆ 258 ಇದ್ದರೆ ಒಬ್ಬ ಓದುಗ ಒಳಗಿದ್ದಾನೆ, ಹೊರಗೆ ಸಾಲಿದೆ. 3 ಇದ್ದರೆ ತಿದ್ದುವವನ ಕೈಲಿದೆ, ಸಾಲೂ ಇದೆ. ಪಕ್ಕದಲ್ಲೇ 'ಓನರ್' ಎಂಬ ಜಾಗ. ತಿದ್ದುವವನು ಹಿಡಿದಿದ್ದರೆ ಅಲ್ಲಿ ಅವನ ಟಾಸ್ಕಿನ ವಿಳಾಸ ಸಿಗುತ್ತದೆ. ಕೊನೆಯ ಕೆಲವು ಬಿಟ್ಟುಗಳನ್ನು ಗುರುತಿಗೆ ಬಳಸಿರುತ್ತಾರಾದ್ದರಿಂದ ಅವನ್ನು ಒರೆಸಿ ಓದಬೇಕು. ಓದುಗರು ಹಿಡಿದಿದ್ದರೆ ಅಲ್ಲಿರುವುದು ಕೊನೆಗೆ ಬಂದ ಓದುಗನ ಹೆಸರು ಮಾತ್ರ. ಅವನು ಎಂದೋ ಬಿಟ್ಟು ಹೋಗಿರಬಹುದು, ನಿಜವಾಗಿ ಒಳಗೆ ಕೂತವನು ಬೇರೆಯೇ ಇರಬಹುದು. ಆಗ ಎಲ್ಲ ಟಾಸ್ಕುಗಳ ಸ್ಟ್ಯಾಕನ್ನು ಒಂದೊಂದಾಗಿ ಓದಿ, ಓದುವ ಹಿಡಿತ ತೆಗೆದುಕೊಳ್ಳುವ ಫಂಕ್ಷನ್ನನ್ನು ದಾಟಿ ಮುಂದೆ ಹೋಗಿ ಎಲ್ಲೋ ನಿದ್ದೆಹೋದವನು ಯಾರು ಎಂದು ಕಣ್ಣಲ್ಲೇ ಹುಡುಕಬೇಕು. ಈ ಕಸುಬಿನ ಅತ್ಯಂತ ಬೇಸರದ ಕೆಲಸ ಇದು, ನಿಪುಣರು ಬೇರೆಯವರಿಂದ ಬೇರೆಯಾಗುವುದೂ ಇಲ್ಲೇ.

ಲಾಕ್‌ಡೆಪ್ ಇದಕ್ಕೆ ತಿರುವುಮುರುವು. 2006ರಲ್ಲಿ ಇಂಗೊ ಮೊಲ್ನಾರ್ ಮತ್ತು ಆರ್ಯನ್ ವಾನ್ ಡೆ ವೆನ್ ಬರೆದ ಅದು ಹ್ಯಾಂಗಿಗಾಗಿ ಕಾಯುವುದಿಲ್ಲ. ಒಂದನ್ನು ಹಿಡಿದು ಇನ್ನೊಂದನ್ನು ಹಿಡಿದ ಪ್ರತಿ ಜೋಡಿಯನ್ನೂ, ಲಾಕಿನ ಬಗೆಯ ಲೆಕ್ಕದಲ್ಲಿ, ನೆನಪಿಡುತ್ತದೆ. ಇವತ್ತು ಮೊದಲು ಇದು ಆಮೇಲೆ ಅದು, ನಾಳೆ ಮೊದಲು ಅದು ಆಮೇಲೆ ಇದು ಎಂದಾದರೆ, ಯಾರೂ ಸಿಕ್ಕಿಬೀಳದಿದ್ದರೂ ಕೂಗುತ್ತದೆ. 2007ರಲ್ಲಿ ಯೋಹಾನೆಸ್ ಬರ್ಗ್ ಕೆಲಸದ ಸರದಿಗಳ ಕಾಯುವಿಕೆಯನ್ನೂ ಅದರ ಲೆಕ್ಕಕ್ಕೆ ಸೇರಿಸಿದರು.  ಇದರ ಬೆಲೆ ವೇಗ. ಹಾಗಾಗಿ ಇದು ಪರೀಕ್ಷಾ ಯಂತ್ರದ ಸಾಧನ, ಗಿರಾಕಿಯ ಯಂತ್ರದ್ದಲ್ಲ.

ಮೆಮೊರಿಯೇ ಮುಗಿದಾಗಿನ ಹ್ಯಾಂಗುಗಳದು ಇನ್ನೊಂದು ಸಂಸಾರ. ಬಲ್ಬೀರ್ ಸಿಂಗ್ ಮೊದಲಾದವರು 2008ರ 2.6.25ಕ್ಕೆ ತಂದ ಮೆಮೊರಿ ಕಂಟ್ರೋಲರಿನಿಂದ ಗುಂಪುಗುಂಪಿಗೆ ಮಿತಿ ಹಾಕುವುದು ಸಾಧ್ಯವಾಯಿತು. ಮಿತಿ ಮುಟ್ಟಿದವನು ಕೈಲಿ ಕಡತದ ಲಾಕ್ ಹಿಡಿದೇ ಗುಂಪಿನಲ್ಲಿ ಒಬ್ಬನನ್ನು ಕರ್ನಲ್ ಕೊಂದು ಜಾಗ ಬಿಡಿಸಲಿ ಎಂದು ಕಾದ, ಸಾಯಬೇಕಾದವನು ಅದೇ ಲಾಕಿಗೆ ಕಾದ. ಯೋಹಾನೆಸ್ ವೈನರ್ 2013ರಲ್ಲಿ, ಕೈಲಿ ಏನೂ ಇಲ್ಲದ ಜಾಗಕ್ಕೆ ಮರಳಿದ ಮೇಲೆಯೇ ಕಾಯುವಂತೆ ಅದನ್ನು ತಿದ್ದಿದರು. ಸಾಯಬೇಕಾದವನು ಎಂಮ್ಯಾಪ್ ಲಾಕಿಗೇ ಸಿಕ್ಕಿಕೊಂಡಿದ್ದರೆ? ಅದಕ್ಕೆ 2016ರಲ್ಲಿ ಹೊಕೊ, ಅವನು ಸಾಯುವ ಮೊದಲೇ ಅವನ ಮೆಮೊರಿಯನ್ನು ಕಿತ್ತುಕೊಳ್ಳುವ ಊಮ್ ರೀಪರನ್ನು ತಂದರು. ಅದು ಎಂಲಾಕ್ ಆದ ಜಾಗವನ್ನು ಮುಟ್ಟುತ್ತಿರಲಿಲ್ಲ. ಸಾಯುವವನು ತನ್ನ ಎಂಲಾಕ್ ಬಿಚ್ಚುವ ಹೊತ್ತಿಗೇ ರೀಪರ್ ಬಂದರೆ ಕರ್ನಲ್ಲೇ ಕುಸಿಯುತ್ತಿತ್ತು; 4.14ರಿಂದ 4.16ರವರೆಗಿನ ಆವೃತ್ತಿಗಳ ಈ ದೋಷ 2018ರಲ್ಲಿ ಭದ್ರತಾ ದೋಷಗಳ ಪಟ್ಟಿಗೂ ಸೇರಿತು.

ಹುಡುಕುವುದಕ್ಕಿಂತ ಲಾಕನ್ನೇ ಒಡೆಯುವುದು ಮೇಲು ಎಂಬ ಪಂಥವೂ ಇದೆ, ಈಚಿನ ವರ್ಷಗಳಲ್ಲಿ ಗೆದ್ದದ್ದು ಅದೇ. ಇಡೀ ನಕಾಶೆಗೆ ಒಂದೇ ಲಾಕ್ ಯಾಕೆ, ಒಂದೊಂದು ತುಂಡಿಗೆ ಒಂದೊಂದಿರಲಿ ಎಂದು ಸುರೇನ್ ಬಾಗ್ದಸರಿಯನ್ 2023ರಲ್ಲಿ 6.4ನೇ ಆವೃತ್ತಿಗೆ ಅದನ್ನು ಸೇರಿಸಿದರು. ಅದು ಸಾಧ್ಯವಾದದ್ದು, ನಕಾಶೆಯ ತುಂಡುಗಳನ್ನು ಜೋಡಿಸಿಡಲು ಅದರ ಹಿಂದಿನ ವರ್ಷ ಬಂದ ಮೇಪಲ್ ಟ್ರೀಯಿಂದ, ಮೇಪಲ್ ಟ್ರೀ ನಿಂತದ್ದು ಆರ್‌ಸಿಯು ತಂತ್ರದ ಮೇಲೆ. (ನಮ್ಮ ಜಿಲ್ಲೆಯಲ್ಲಿ ಆರ್‌ಸಿಯು ಎಂದರೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಇದು ಬೇರೆ.) ಲಾಕ್ ಹಿಡಿಯದೆಯೇ ಓದಿಕೊಂಡು ಹೋಗಲು ಬಿಡುವ ಈ ತಂತ್ರದ ಹಿಂದಿನ ದೊಡ್ಡ ಹೆಸರು ಪಾಲ್ ಮೆಕೆನಿ. 2002ರಲ್ಲಿ ಅದನ್ನು ಲಿನಕ್ಸಿಗೆ ತಂದವರಲ್ಲಿ ಬೆಂಗಳೂರಿನ ಅದೇ ಗುಂಪಿನ ದೀಪಂಕರ್ ಸರ್ಮಾ ಇದ್ದರು. ಈಗ ಹೆಚ್ಚಿನ ಪೇಜ್ ಫಾಲ್ಟುಗಳು ಎಂಮ್ಯಾಪ್ ಲಾಕಿನ ತಂಟೆಗೇ ಹೋಗುವುದಿಲ್ಲ. ಪೈಪೋಟಿ ಇಳಿಯಿತು ನಿಜ, ಆದರೆ ಲಾಕುಗಳ ಸಂಖ್ಯೆ ಏರಿತು, ಡಂಪ್ ಓದುವವನ ಕೆಲಸ ಹಗುರಾಗಲಿಲ್ಲ.

ಹಿಡಿದವನ ಹೆಸರನ್ನು ಕರ್ನಲ್ ತಾನಾಗಿ ಹೇಳಲು ಶುರುಮಾಡಿದ್ದು 2025ರಲ್ಲಿ. ಕೆಪ್ರೋಬ್ಸ್‌ನ ಈಗಿನ ನಿರ್ವಾಹಕರಲ್ಲೊಬ್ಬರಾದ ಮಸಾಮಿ ಹಿರಮತ್ಸು, ಮ್ಯೂಟೆಕ್ಸಿಗೆ, ಅಂದರೆ ಒಂದು ಸಲಕ್ಕೆ ಒಬ್ಬನೇ ಹಿಡಿಯಬಲ್ಲ ಲಾಕಿಗೆ, ಕಾದು ನಿಂತವನ ವರದಿಯ ಕೆಳಗೇ ಅದನ್ನು ಹಿಡಿದವನ ಸ್ಟ್ಯಾಕನ್ನೂ ಬರೆಯುವಂತೆ ಮಾಡಿದರು. ಬೇರೆ ಬಗೆಯ ಲಾಕುಗಳಿಗೆ ಲ್ಯಾನ್ಸ್ ಯಾಂಗ್ ಅದನ್ನು ವಿಸ್ತರಿಸಿದರು. ಆದರೂ ಸಂದೇಶದಲ್ಲಿ 'ಬಹುಶಃ' ಎಂಬರ್ಥದ ಮಾತೊಂದು ಉಳಿದಿದೆ; ಬರೆಯುವ ಕ್ಷಣಕ್ಕೆ ಲಾಕ್ ಕೈ ಬದಲಾಗಿರಬಹುದಲ್ಲ.

ಇಷ್ಟರಲ್ಲಿ ಎಷ್ಟು ನಮ್ಮ ತರಗತಿಗಳಿಗೆ ಬಂದಿದೆ? ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಆಪರೇಟಿಂಗ್ ಸಿಸ್ಟಮ್ ಓದಿದವರು ಡೈಕ್‌ಸ್ಟ್ರಾ 1960ರ ದಶಕದಲ್ಲಿ ಕೊಟ್ಟ ಬ್ಯಾಂಕರ್ಸ್ ಅಲ್ಗಾರಿದಮ್ಮನ್ನು ಸಿ ಭಾಷೆಯಲ್ಲಿ ಬರೆದು ಲ್ಯಾಬ್ ಮುಗಿಸುತ್ತಾರೆ. ಪ್ರತಿಯೊಬ್ಬನಿಗೂ ಮುಂದೆ ಒಟ್ಟು ಏನೇನು ಬೇಕಾದೀತೆಂದು ಮೊದಲೇ ಗೊತ್ತಿರಬೇಕೆನ್ನುವ ಆ ವಿಧಾನವನ್ನು ಲಿನಕ್ಸ್ ತನ್ನ ಲಾಕುಗಳಿಗೆ ಬಳಸುವುದಿಲ್ಲ, ಬಳಸಲೂ ಆಗದು. ಕಾಫ್‌ಮನ್ ಮತ್ತು ಸಂಗಡಿಗರು 1971ರಲ್ಲಿ ಹೇಳಿದ ಡೆಡ್‌ಲಾಕಿನ ನಾಲ್ಕು ಷರತ್ತುಗಳನ್ನು ಕಲಿಸುವುದು ಸರಿಯೇ, ಅದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಆದರೆ ಒಂದು ಸ್ಟ್ಯಾಕನ್ನು ಮೇಲಿನಿಂದ ಕೆಳಗೆ ಓದಲು ಬಾರದೆ ಪದವಿ ಪಡೆಯಬಹುದು ಎನ್ನುವುದು ಸರಿಯಲ್ಲ. ಇದಕ್ಕೆ ದೊಡ್ಡ ಸರ್ವರ್ ಬೇಡ. ಬೈಲಹೊಂಗಲದಲ್ಲೋ ರಾಮದುರ್ಗದಲ್ಲೋ ಮನೆಯಲ್ಲಿರುವ ಸಾಧಾರಣ ಲ್ಯಾಪ್‌ಟಾಪಿನಲ್ಲಿ, ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ನಟಿಸುವ ಕ್ಯೂಎಮು ಹಾಕಿ, ಅದರೊಳಗೆ ಲಾಕ್‌ಡೆಪ್ ತೆರೆದಿಟ್ಟ ಕರ್ನಲ್ಲನ್ನು ಓಡಿಸಬಹುದು. ಎರಡು ಮ್ಯೂಟೆಕ್ಸುಗಳನ್ನು ಒಮ್ಮೆ ಈ ಕ್ರಮದಲ್ಲಿ, ಒಮ್ಮೆ ಆ ಕ್ರಮದಲ್ಲಿ ಹಿಡಿದು ಬಿಡುವ ಪುಟ್ಟ ಮಾಡ್ಯೂಲ್ ಬರೆದರೆ, ಏನೂ ನಿಲ್ಲದಿದ್ದರೂ ಲಾಕ್‌ಡೆಪ್ ಬೈಯುವುದನ್ನು ಕಣ್ಣಾರೆ ಕಾಣಬಹುದು. ಹ್ಯಾಂಗನ್ನೇ ನೋಡಬೇಕೆನ್ನುವವರಿಗೆ ಹಿರಮತ್ಸು ಅವರ ಮಾದರಿ ಮಾಡ್ಯೂಲ್ ಹೊಸ ಕರ್ನಲ್ಲಿನ ಸ್ಯಾಂಪಲ್ಸ್ ಕೋಶದಲ್ಲಿದೆ. ಅದು ಕೊಡುವ ಕಡತವನ್ನು ಓದಲು ಹೋದವನು ಮ್ಯೂಟೆಕ್ಸ್ ಹಿಡಿದು 256 ಸೆಕೆಂಡ್ ನಿದ್ದೆಹೋಗುತ್ತಾನೆ. ಎರಡು ಟರ್ಮಿನಲ್ ತೆರೆದು ಎರಡರಲ್ಲೂ ಆ ಕಡತವನ್ನು ಓದಲು ಹೇಳಿ, ಮೂರನೆಯದರಲ್ಲಿ ಲಾಗ್ ನೋಡುತ್ತ ಕೂತರೆ, 120 ಸೆಕೆಂಡಿನ ಮಿತಿ ದಾಟಿದ ಮೇಲೆ ಕಾದವನ ಸ್ಟ್ಯಾಕ್, ಅದರ ಕೆಳಗೆ ಹಿಡಿದವನ ಸ್ಟ್ಯಾಕ್, ಎರಡೂ ಬರುತ್ತವೆ. ಬಿಡಿಸಿಕೊಳ್ಳಲು ಪವರ್ ಗುಂಡಿ ಒತ್ತಬೇಕಾಗಿಲ್ಲ. 256 ಸೆಕೆಂಡಿಗೆ ಮೊದಲನೆಯವನು ಏಳುತ್ತಾನೆ, ಎರಡನೆಯವನಿಗೆ ಲಾಕ್ ಸಿಗುತ್ತದೆ, ಅವನೂ ಅಷ್ಟೇ ಹೊತ್ತು ಮಲಗುತ್ತಾನೆ.